ಜೀಪಿನ ಬೆನ್ನಿಗೆ ಪ್ಲೇಟೋ, ಸುರುಳಿಯೋ?

ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಸರ್ವಜ್ಞ ಪೀಠದ ಮಾತು, ಸೂರ್ಯಾಸ್ತದ ಮಾತು ಆಮೇಲೆ. ಮೊದಲು ಬರುವುದು ಸೊಂಟದ ಮಾತು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಈ ಬೆಟ್ಟದ ಎತ್ತರ 1,343 ಮೀಟರ್. ಕೊಲ್ಲೂರು ಅಥವಾ ನಿಟ್ಟೂರಿನಿಂದ ಹೊರಟ ಜೀಪು ಡಾಂಬರು ಮುಗಿದ ಮೇಲೆ ಕೆಮ್ಮಣ್ಣು, ಕೊರಕಲು, ಕಲ್ಲುಬಂಡೆಗಳ ಮೇಲೆ ಏರುತ್ತದೆ. ಒಳಗೆ ಕೂತವರು ಮೊರದಲ್ಲಿ ಕೇರುವ ಅಕ್ಕಿಯ ಹಾಗೆ ಹಾರಿ ಬೀಳುತ್ತಾರೆ.

ನನ್ನ ತಂಗಿಯನ್ನು ಕೊಟ್ಟಿರುವುದು ನಿಟ್ಟೂರಿನ ಕಡೆಗೆ. ಅವಳ ಮಗ ಹಳೆಯ ಮಹೀಂದ್ರ ಜೀಪಿನಲ್ಲಿ ಪ್ರವಾಸಿಗರನ್ನು ಬೆಟ್ಟ ಹತ್ತಿಸುತ್ತಾನೆ. ಮನೆ ನಡೆಯುವುದು ಅದರಿಂದಲೇ. ಕಳೆದ ಮಳೆಗಾಲದಲ್ಲಿ ಬಾಡಿಗೆ ಇಲ್ಲದ ದಿನ ನೋಡಿ, ಹೊಸನಗರ, ಶಿವಮೊಗ್ಗ, ಹೊನ್ನಾಳಿ, ಮಲೇಬೆನ್ನೂರು ದಾರಿಯಾಗಿ ಜೀಪನ್ನು ನಮ್ಮ ಗುತ್ತೂರಿಗೇ ತಂದ. ಹರಿಹರದ ಹೆದ್ದಾರಿ ಬದಿಯಲ್ಲಿ ಲಾರಿಗಳ ಪ್ಲೇಟ್ ಕೆಲಸ ಮಾಡುವವರು ಇದ್ದಾರಲ್ಲ, ಅವರ ಕೈಯಲ್ಲಿ ಹಿಂಭಾಗ ತೋರಿಸಬೇಕು ಅಂತ.

‘ಮಾವ, ಈ ಪ್ಲೇಟ್‌ಗಳನ್ನ ಕಿತ್ತು ಹಾಕಿ, ಹೊಸ ಥಾರ್‌ಗೆ ಇರೋ ಥರ ಹಿಂದೆ ಸುರುಳಿ ಸ್ಪ್ರಿಂಗ್ ಹಾಕಿಸಿಬಿಡ್ಲಾ? ಬಂದೋರೆಲ್ಲ ಸೊಂಟ ಹೋಯ್ತು ಅಂತಾರೆ. ಸಾಲ ಎಷ್ಟು ಮಾಡಬಹುದು, ನೀನೇ ಲೆಕ್ಕ ಹಾಕಿ ಹೇಳು’ ಎಂದ.

ಸಾಲದ ಲೆಕ್ಕ ನನ್ನ ಹಳೆಯ ಕಸುಬು. ಆದರೆ ಯಾವುದಕ್ಕೆ ಸಾಲ ಎಂದು ತಿಳಿಯದೆ ಬ್ಯಾಂಕಿನವನು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಏಳನೇ ತರಗತಿಯ ಮೊಮ್ಮಗನನ್ನು ಕರೆದುಕೊಂಡು ನಾನೂ ಆ ಶೆಡ್ಡಿಗೆ ಹೋದೆ. ಅಲ್ಲಿ ಮೂರು ದಿನ ಕೂತು ನೋಡಿದ್ದು, ಕೇಳಿದ್ದು, ಮನೆಗೆ ಬಂದು ಓದಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ವಯಸ್ಸಿನವರಿಗೆ ಜಟಕಾ ಗಾಡಿ ನೆನಪಿರಬೇಕು. ದಾವಣಗೆರೆ ಸ್ಟೇಷನ್ನಿಗೆ ಜಟಕಾದಲ್ಲಿ ಹೋಗುವುದು ನಮಗೆ ಹಬ್ಬ. ಹೊಲದ ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆ ನೇರವಾಗಿ ಮರದ ಚೌಕಟ್ಟು ಕೂತಿರುತ್ತದೆ. ಚಕ್ರ ಕಲ್ಲಿನ ಮೇಲೆ ಹತ್ತಿದರೆ ನಮ್ಮ ಹಲ್ಲು ಕಟಕಟ ಎನ್ನುತ್ತಿತ್ತು. ಜಟಕಾಕ್ಕೆ ಹಾಗಲ್ಲ. ಅಚ್ಚಿಗೂ ಪೆಟ್ಟಿಗೆಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಅದೇ ಕಮಾನು. ಲಂಡನ್ನಿನಲ್ಲಿ ಗಾಡಿ ಮಾಡುತ್ತಿದ್ದ ಒಬಡಯ್ಯ ಎಲಿಯಟ್ ಎಂಬಾತ 1804ರ ಸುಮಾರಿಗೆ ಇಂಥ ಪಟ್ಟಿಗಳನ್ನು ಎದುರುಬದುರು ಜೋಡಿಸಿ ಕುದುರೆ ಗಾಡಿಗೆ ಅಳವಡಿಸಿದ. ಅಲ್ಲಿಂದ ಲಾರಿಗೆ, ಕಾರಿಗೆ ಬಂತು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ವಿಲ್ಲೀಸ್ ಜೀಪಿಗೆ ನಾಲ್ಕೂ ಚಕ್ರಕ್ಕೆ ಇದೇ ಕಮಾನು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಮುಂಬೈಯಲ್ಲಿ ಜೋಡಿಸತೊಡಗಿದ್ದು ಆ ಜೀಪನ್ನೇ. ಹಾಗಾಗಿ ನಮ್ಮ ದೇಶದಲ್ಲಿ ಜೀಪು ಎಂದರೆ ಪ್ಲೇಟು ಎಂದಾಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ಅದೇ. 2010ರ ಥಾರ್‌ಗೂ ಹಿಂದೆ ಪ್ಲೇಟೇ ಇತ್ತು. 2020ರ ಥಾರ್‌ನಲ್ಲಿ ಹಿಂದಿನ ಪ್ಲೇಟ್ ಹೋಗಿ ಸುರುಳಿ ಬಂತು. 2023ರ ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಸುರುಳಿ. ಇಂಗ್ಲೆಂಡಿನ ರೇಂಜ್ ರೋವರ್ ಮಾತ್ರ 1970ರಲ್ಲೇ ನಾಲ್ಕು ಚಕ್ರಕ್ಕೂ ಸುರುಳಿ ಹಾಕಿಕೊಂಡು ಬೆಟ್ಟ ಹತ್ತಿತ್ತು.

ನಮ್ಮ ಹುಡುಗನ ತಲೆಯಲ್ಲಿದ್ದದ್ದು ಇಷ್ಟು: ಹೊಸದಕ್ಕೆಲ್ಲ ಸುರುಳಿ ಬಂದಿದೆ, ಅಂದಮೇಲೆ ಸುರುಳಿಯೇ ಮೇಲು.

ಮೇಸ್ತ್ರಿ ನಕ್ಕರು. ಅವರಿಗೆ ಅರವತ್ತು ದಾಟಿರಬೇಕು. ಹುಡುಗನನ್ನು ಬಿಟ್ಟು ನನ್ನ ಮೊಮ್ಮಗನನ್ನು ಜೀಪಿನ ಹಿಂದೆ ಕೂರಿಸಿಕೊಂಡರು. ‘ನೋಡಪ್ಪ, ಈ ಪ್ಲೇಟ್ ಎರಡು ಕೆಲ್ಸ ಮಾಡ್ತೈತಿ. ಒಂದು, ಭಾರ ಹೊರೋದು. ಇನ್ನೊಂದು ಯಾರಿಗೂ ಕಾಣಂಗಿಲ್ಲ. ಆಕ್ಸಲ್ನ ಅದರ ಜಾಗದಾಗೆ ಹಿಡ್ಕೊಳ್ಳೋದು.’

ಆ ಎರಡನೆಯ ಕೆಲಸ ನನಗೂ ಹೊಳೆದಿರಲಿಲ್ಲ. ಜೀಪಿನ ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಗಟ್ಟಿ ದಂಡವೇ ಆಕ್ಸಲ್. ಅದು ಚಾಸಿಗೆ ನೇರವಾಗಿ ಎಲ್ಲಿಯೂ ಅಂಟಿಕೊಂಡಿಲ್ಲ. ಎರಡೂ ಬದಿಯಲ್ಲಿ ಪ್ಲೇಟುಗಳ ಕಟ್ಟಿಗೆ ಯು-ಬೋಲ್ಟಿನಿಂದ ಬಿಗಿದಿರುತ್ತಾರೆ. ಪ್ಲೇಟಿನ ಒಂದು ತುದಿಯ ಕಣ್ಣಿನಂಥ ಬಳೆ ಚಾಸಿಗೆ ಪಿನ್ನಿನಿಂದ ಸೇರಿದ್ದರೆ, ಇನ್ನೊಂದು ತುದಿ ಶಾಕಲ್ ಎಂಬ ತೂಗುಕೊಂಡಿಯಲ್ಲಿ ನೇತಾಡುತ್ತದೆ. ಯಾಕೆಂದರೆ ಬಾಗಿದ ಪ್ಲೇಟು ಭಾರಕ್ಕೆ ನೇರವಾದಾಗ ಉದ್ದವಾಗುತ್ತದೆ. ಆ ಉದ್ದ ಎಲ್ಲಿಗಾದರೂ ಹೋಗಬೇಕಲ್ಲ. ಎಂಜಿನ್ನು ಚಕ್ರವನ್ನು ತಿರುಗಿಸಿದಾಗ ಜೀಪನ್ನು ಮುಂದೆ ತಳ್ಳುವ ಬಲವೂ, ಬ್ರೇಕ್ ಹಾಕಿದಾಗ ಹಿಡಿದು ನಿಲ್ಲಿಸುವ ಬಲವೂ ಇದೇ ಪ್ಲೇಟಿನ ಮೂಲಕವೇ ಹಾಯಬೇಕು.

ಸುರುಳಿ ಸ್ಪ್ರಿಂಗ್ ಹಾಗಲ್ಲ. ನಿಮ್ಮ ಬಾಲ್‌ಪೆನ್ನಿನ ಒಳಗಿನ ಸ್ಪ್ರಿಂಗನ್ನು ಮೇಜಿನ ಮೇಲೆ ನಿಲ್ಲಿಸಿ ಬೆರಳಿನಿಂದ ಒತ್ತಿ. ಮೇಲಿಂದ ಕೆಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕಕ್ಕೆ ತಳ್ಳಿದರೆ ಬಳುಕಿ ಹಾರಿಹೋಗುತ್ತದೆ. ಅದು ಭಾರ ಹೊರುವುದಷ್ಟನ್ನೇ ಬಲ್ಲದು. ಆದ್ದರಿಂದ ಸುರುಳಿ ಹಾಕಿದ ಗಾಡಿಯಲ್ಲಿ ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಉದ್ದನೆಯ ಕಬ್ಬಿಣದ ತೋಳುಗಳು, ಪಕ್ಕಕ್ಕೆ ಸರಿಯದಂತೆ ಅಡ್ಡ ಸರಳು, ಅವಕ್ಕೆಲ್ಲ ಚಾಸಿಯ ಮೇಲೆ ಬೆಸುಗೆ ಹಾಕಿದ ಹಿಡಿಕೆ, ರಬ್ಬರ್ ಬುಷ್, ಇಷ್ಟೂ ಬೇಕು. ಕಾರ್ಖಾನೆಯಲ್ಲಿ ಅಳತೆ ನೋಡಿ ಮಾಡಿದರೆ ಬಹಳ ಸೊಗಸು. ಚಕ್ರ ಗುಂಡಿಗೆ ಇಳಿಯುತ್ತದೆ, ಬಂಡೆಗೆ ಏರುತ್ತದೆ, ಕೂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ‘ಸುರುಳಿ ಹಾಕಿಸಿಬಿಡ್ಲಾ’ ಎಂಬ ಮಾತಿನೊಳಗೆ ಇಷ್ಟು ಸಾಮಾನು ಅಡಗಿತ್ತು.

ಒಂದು ಸಂಗತಿ ಎರಡರಲ್ಲೂ ಸಮ. ಹಳೆಯ ಜೀಪು, ಹೊಸ ಥಾರ್, ಜಿಮ್ನಿ, ಇವೆಲ್ಲಕ್ಕೂ ಹಿಂದೆ ಇರುವುದು ಒಂದೇ ಗಟ್ಟಿ ಆಕ್ಸಲ್. ಪಾರ್ಕಿನಲ್ಲಿ ಮಕ್ಕಳು ಆಡುವ ಏರಿಳಿತದ ಹಲಗೆ ಇದೆಯಲ್ಲ, ಹಾಗೆ. ಎಡಚಕ್ರ ಬಂಡೆಯ ಮೇಲೆ ಹತ್ತಿದರೆ ಬಲಚಕ್ರ ಕೆಳಕ್ಕೆ ಒತ್ತಿಕೊಂಡು ನೆಲ ಹಿಡಿಯುತ್ತದೆ. ಬೆಟ್ಟದ ಗಾಡಿಗೆ ಬೇಕಾದದ್ದು ಅದೇ. ಗಾಳಿಯಲ್ಲಿ ತೇಲುವ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆಯೇ ಹೊರತು ಗಾಡಿಯನ್ನು ಎಳೆಯುವುದಿಲ್ಲ. ನಗರದ ಕೆಲವು ಕಾರುಗಳಲ್ಲಿ ಹಿಂದಿನ ಚಕ್ರ ಒಂದೊಂದೂ ತನ್ನಷ್ಟಕ್ಕೆ ಏರಿಳಿಯುವ ವ್ಯವಸ್ಥೆಯುಂಟು, ಡಾಂಬರಿಗೆ ಸುಖ. ‘ಐರಾವತ ಬಸ್ಸಿನ ಥರ ಗಾಳಿ ಚೀಲ ಹಾಕಿದ್ರೆ?’ ಎಂದು ಮೊಮ್ಮಗ ಕೇಳಿದ. ಕಾಡಿನ ಚೂಪುಗಲ್ಲಿಗೆ ಆ ಚೀಲ ತೂತಾದರೆ ಯಾರು ಊದುತ್ತಾರೆ ಎಂದರು ಮೇಸ್ತ್ರಿ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ಭಾರದ ವಿಷಯ. ಇಲ್ಲಿ ನನ್ನ ಪೆನ್ನಿಗೂ ಸ್ವಲ್ಪ ಕೆಲಸ ಸಿಕ್ಕಿತು. ಬರುವಾಗ ಖಾಲಿ ಜೀಪು. ಹತ್ತುವಾಗ ಹಿಂದೆ ಎದುರುಬದುರು ಬೆಂಚಿನಲ್ಲಿ ಆರೆಂಟು ಜನ. ತಲೆಗೆ 60 ಕಿಲೋ ಹಿಡಿದರೂ ಎಂಟು ಜನಕ್ಕೆ 480 ಕಿಲೋ, ಅದರಲ್ಲಿ ಬಹುಪಾಲು ಹಿಂದಿನ ಆಕ್ಸಲ್ ಮೇಲೆ. ಖಾಲಿ ಜೀಪಿಗೆ ಹಿತವಾಗುವಷ್ಟು ಮೆದು ಸುರುಳಿ ಹಾಕಿದರೆ ಎಂಟು ಜನ ಕೂತಾಗ ಹಿಂಭಾಗ ಕುಸಿದು, ಪ್ರತಿ ಕಲ್ಲಿಗೂ ಆಕ್ಸಲ್ ಚಾಸಿಗೆ ‘ಧಡ್’ ಎಂದು ಬಡಿಯುತ್ತದೆ. ಎಂಟು ಜನಕ್ಕೆ ತಕ್ಕ ಗಟ್ಟಿ ಸುರುಳಿ ಹಾಕಿದರೆ ಖಾಲಿ ಬರುವಾಗ ಕಪ್ಪೆಯಂತೆ ಕುಪ್ಪಳಿಸುತ್ತದೆ. ಪ್ಲೇಟಿನಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಮೂರ್ನಾಲ್ಕು ತೆಳು ಪ್ಲೇಟಿನ ಕೆಳಗೆ, ಸ್ವಲ್ಪ ಸಂದು ಬಿಟ್ಟು, ದಪ್ಪನೆಯ ನೇರ ಪ್ಲೇಟೊಂದು ಕಾದು ಕೂತಿರುತ್ತದೆ. ಭಾರ ಕಡಿಮೆ ಇದ್ದಾಗ ತೆಳು ಪ್ಲೇಟುಗಳಷ್ಟೇ ಕೆಲಸ ಮಾಡುತ್ತವೆ. ಭಾರ ಹೆಚ್ಚಾದಾಗ ಮೇಲಿನವು ಬಾಗಿ ಕೆಳಗಿನದಕ್ಕೆ ತಾಗಿ, ಅದೂ ಹೆಗಲು ಕೊಡುತ್ತದೆ. ಲಾರಿಯವರು ಇದನ್ನು ಹೆಲ್ಪರ್ ಎನ್ನುತ್ತಾರೆ. ಒಳ್ಳೆಯ ಹೆಸರು.

ಹಾಗಾದರೆ ಜನರ ಸೊಂಟ ಯಾಕೆ ಹೋಗುತ್ತಿತ್ತು? ಎರಡನೇ ದಿನ ಪ್ಲೇಟ್ ಕಟ್ಟು ಬಿಚ್ಚಿದಾಗ ಉತ್ತರ ಸಿಕ್ಕಿತು.

ಬಿಚ್ಚುವ ಮೊದಲು ಮಕ್ಕಳು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳಿಬಿಡುತ್ತೇನೆ. ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ ಒಂದೇ ಅಳತೆಯ ನಾಲ್ಕು ಪಟ್ಟಿ ಕತ್ತರಿಸಿ. ಎರಡನ್ನು ಸುಮ್ಮನೆ ಒಂದರ ಮೇಲೊಂದು ಇಡಿ. ಇನ್ನೆರಡನ್ನು ಗೋಂದು ಹಚ್ಚಿ ಪೂರ್ತಿ ಅಂಟಿಸಿ, ಒಣಗಲು ಬಿಡಿ. ಎರಡು ಜೋಡಿಯನ್ನೂ ಮೇಜಿನ ಅಂಚಿನಿಂದ ಅರ್ಧ ಹೊರಕ್ಕೆ ಚಾಚಿ ತುದಿಯನ್ನು ಬೆರಳಲ್ಲಿ ಬಗ್ಗಿಸಿ. ಸುಮ್ಮನೆ ಇಟ್ಟ ಜೋಡಿ ಒಂದು ಪಟ್ಟಿಯ ಎರಡರಷ್ಟು ಗಟ್ಟಿ. ಅಂಟಿಸಿದ್ದು ಲೆಕ್ಕದ ಪ್ರಕಾರ ಎಂಟರಷ್ಟು ಗಟ್ಟಿ. ದಪ್ಪ ಎರಡರಷ್ಟಾದರೆ ಬಿಗುವು ಎರಡರ ಘನದಷ್ಟು, ಅಂದರೆ 2 × 2 × 2. ಬಿಡಿಯಾಗಿದ್ದ ಪಟ್ಟಿಗಳು ಬಾಗುವಾಗ ಒಂದರ ಮೇಲೊಂದು ಜಾರುತ್ತವೆ, ಅಂಟಿದವು ಜಾರಲಾರವು. ಅಷ್ಟೇ ಗುಟ್ಟು.

ನಮ್ಮ ಹುಡುಗನ ಜೀಪಿನಲ್ಲಿ ಆಗಿದ್ದೂ ಅದೇ. ‘ಯಜಮಾನ್ರೇ, ಇಲ್ನೋಡ್ರಿ. ತುಕ್ಕು ಹಿಡಿದು, ಕೆಮ್ಮಣ್ಣು ಸೇರ್ಕೊಂಡು ಎಲ್ಲಾ ಒಂದೇ ಮುದ್ದೆ ಆಗ್ಯಾವೆ’ ಎಂದು ಮೇಸ್ತ್ರಿ ಉಳಿಯಿಟ್ಟು ಸುತ್ತಿಗೆಯಿಂದ ಬಡಿದು ಒಂದೊಂದೇ ಪ್ಲೇಟು ಬಿಡಿಸಿದರು. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನೆನೆದ ಪ್ಲೇಟುಗಳು ಜಾರುವುದನ್ನೇ ಮರೆತಿದ್ದವು. ಸಾಲದ್ದಕ್ಕೆ, ಹೆಚ್ಚು ಜನ ಕೂತಾಗ ಹಿಂದೆ ತಗ್ಗುತ್ತದೆಂದು ಹುಡುಗ ಯಾವಾಗಲೋ ಎರಡು ಪ್ಲೇಟು ಜಾಸ್ತಿ ಹಾಕಿಸಿಕೊಂಡಿದ್ದ. ಅದು ಸ್ಪ್ರಿಂಗಾಗಿ ಉಳಿದಿರಲಿಲ್ಲ, ಕಬ್ಬಿಣದ ದಿಮ್ಮಿಯಾಗಿತ್ತು. ಬುಷ್‌ಗಳು ಸವೆದು ಪುಡಿ. ಶಾಕ್ ಅಬ್ಸಾರ್ಬರ್ ಎರಡೂ ಎಣ್ಣೆ ಸೋರಿ ಬರಿದು.

ಮತ್ತೊಂದನ್ನು ಮೊದಲು ನೋಡಿದವನು ಮೊಮ್ಮಗ. ‘ಅಜ್ಜ, ಇಲ್ಲಿ ಕೂದಲು ಅಂಟಿದೆ’ ಎಂದ. ಎಡಬದಿಯ ಮೇನ್ ಪ್ಲೇಟಿನ ನಡುವೆ, ಸೆಂಟರ್ ಬೋಲ್ಟಿನ ತೂತಿನಿಂದ ಅಂಚಿನವರೆಗೆ ಸಣ್ಣ ಕಪ್ಪು ಗೆರೆ. ಮೇಸ್ತ್ರಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಗೆರೆ ಹೋಗಲಿಲ್ಲ. ಅದು ಬಿರುಕು.

ಎರಡು ಕೆಲಸದ ಮಾತು ಹೇಳಿದೆನಲ್ಲ, ಅದರ ಅರ್ಥ ಆಗ ತಿಳಿಯಿತು. ಬೆಟ್ಟದ ಇಳಿಜಾರಿನಲ್ಲಿ, ತುಂಬು ಜನರಿದ್ದಾಗ ಮೇನ್ ಪ್ಲೇಟು ತುಂಡಾದರೆ ಒಂದು ಬದಿ ತಗ್ಗುವುದಷ್ಟೇ ಅಲ್ಲ. ಆ ಬದಿಯ ಚಕ್ರ ತನ್ನ ಜಾಗ ಬಿಟ್ಟು ಸರಿದುಬಿಡಬಹುದು. ಆಗ ಸ್ಟೇರಿಂಗ್ ಒಂದು ಕಡೆ ಹೇಳಿದರೆ ಜೀಪಿನ ಹಿಂಭಾಗ ಇನ್ನೊಂದು ಕಡೆ ನಡೆಯುತ್ತದೆ. ಕೊಡಚಾದ್ರಿಯ ತಿರುವುಗಳಲ್ಲಿ ಪಕ್ಕದಲ್ಲಿ ಇರುವುದು ಕಣಿವೆ. ನಮ್ಮ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಹೋದ ವಾರ ತಾನೇ ತನ್ನ ಅಮ್ಮನನ್ನೂ ಪಕ್ಕದ ಮನೆಯವರನ್ನೂ ಅದೇ ಜೀಪಿನಲ್ಲಿ ಮೇಲಕ್ಕೆ ಕರೆದೊಯ್ದಿದ್ದನಂತೆ.

ಆದರೂ ಹುಡುಗನ ಆಸೆ ಪೂರ್ತಿ ಬಿಟ್ಟಿರಲಿಲ್ಲ. ‘ಹೇಗೂ ಬಿಚ್ಚಿದ್ದೇವೆ, ಸುರುಳಿಯನ್ನೇ ಹಾಕಿಸೋಣ’ ಎಂದ. ನಾನು ಕಾಗದದ ನಡುವೆ ಗೆರೆ ಎಳೆದು ಎರಡು ಕಡೆ ಬರೆದೆ. ಸುರುಳಿಯ ಕಡೆ ತೋಳು, ಸರಳು, ಬೆಸುಗೆ, ಹೊಸ ಶಾಕ್ ಅಬ್ಸಾರ್ಬರ್. ಹೊಸ ಪ್ಲೇಟ್ ಸೆಟ್ಟಿನ ಹಲವು ಪಟ್ಟು ಖರ್ಚು. ಕಾಡಿನ ನಡುವೆ ಬೆಸುಗೆ ಬಿಟ್ಟರೆ ಸರಿಮಾಡುವವರು ಯಾರು? ಪ್ಲೇಟು ಮುರಿದರೆ ಮರದ ದಿಮ್ಮಿ ಕೊಟ್ಟು, ಹಗ್ಗ ಸುತ್ತಿ, ಖಾಲಿ ಜೀಪನ್ನು ಮೆಲ್ಲಗೆ ಊರು ಸೇರಿಸಿದ ಚಾಲಕರು ಆ ಕಡೆ ಇದ್ದಾರೆ. ಇನ್ನೊಂದು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ನಮ್ಮಿಷ್ಟಕ್ಕೆ ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿಯೇ ಹೇಳಿತು. ಚಾಸಿಗೆ ಬೆಸುಗೆ ಹಾಕುವಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು. ಅಪಘಾತವಾದಾಗ ವಿಮೆಯವರು ಹುಡುಕುವುದು ಇಂಥದ್ದನ್ನೇ. ಜನರನ್ನು ಕೂರಿಸಿಕೊಂಡು ದುಡಿಯುವವನಿಗೆ ಇದು ಸಣ್ಣ ವಿಷಯವಲ್ಲ.

ಹೊಸ ಗಾಡಿ ಕೊಳ್ಳುವವರಾಗಿದ್ದರೆ, ಒಬ್ಬಿಬ್ಬರೇ ಹೋಗುವವರಾಗಿದ್ದರೆ, ನಾನೂ ಸುರುಳಿಯದ್ದನ್ನೇ ನೋಡಿ ಎನ್ನುತ್ತಿದ್ದೆ. ಕಾರ್ಖಾನೆಯಿಂದಲೇ ಬಂದ ಸುರುಳಿಗೂ ಇರುವ ಜೀಪಿಗೆ ತಂದು ಅಂಟಿಸುವ ಸುರುಳಿಗೂ ಬಹಳ ದೂರ.

ಕೊನೆಗೆ ಹೊಸ ಪ್ಲೇಟ್ ಸೆಟ್ಟೇ ಬಂತು. ಹಳೆಯದನ್ನೇ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಅಗ್ಗ ಎಂದು ಯಾರೋ ಹೇಳಿದ್ದರು; ಮೇಸ್ತ್ರಿ ಒಪ್ಪಲಿಲ್ಲ. ಸ್ಪ್ರಿಂಗ್ ಉಕ್ಕಿಗೆ ಒಂದು ಹದ ಇರುತ್ತದೆ, ಮನಸ್ಸಿಗೆ ಬಂದಂತೆ ಕಾಯಿಸಿದರೆ ಹದ ಕೆಟ್ಟು ಮತ್ತೆ ತಗ್ಗುತ್ತದೆ ಎಂದರು. ಅವರು ಆರಿಸಿದ ಸೆಟ್ಟಿನಲ್ಲಿ ಎರಡನೇ ಪ್ಲೇಟಿನ ತುದಿ ಮೇನ್ ಪ್ಲೇಟಿನ ಕಣ್ಣನ್ನು ಹೊರಗಿನಿಂದ ಸುತ್ತಿ ಹಿಡಿದಿತ್ತು. ಮಿಲಿಟರಿ ಸುತ್ತು ಎನ್ನುತ್ತಾರೆ. ಕಣ್ಣಿನ ಹತ್ತಿರ ಮೇನ್ ಪ್ಲೇಟು ಮುರಿದರೂ ಆಕ್ಸಲ್ ಓಡಿಹೋಗದಂತೆ ಎರಡನೆಯದು ತಡೆಯುತ್ತದೆ. ಜಾಸ್ತಿ ಹಾಕಿಸಿದ್ದ ಪ್ಲೇಟುಗಳು ಹೋದವು, ಹೆಲ್ಪರ್ ಬಂತು. ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸು, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಕುಣಿಯುವುದನ್ನು ನಿಲ್ಲಿಸುವುದು ಈ ಶಾಕ್ ಅಬ್ಸಾರ್ಬರ್. ಅದಿಲ್ಲದಿದ್ದರೆ ಎಂಥ ಸ್ಪ್ರಿಂಗೂ ತೊಟ್ಟಿಲೇ.

ಮೂರನೇ ದಿನ ಪರೀಕ್ಷೆ. 25 ಕಿಲೋದ ಅಕ್ಕಿ ಚೀಲಗಳನ್ನು ಪಕ್ಕದ ಅಂಗಡಿಯಿಂದ ಕಡ ತಂದೆವು. ನಾಲ್ಕು ಚೀಲ, ಅಂದರೆ 100 ಕಿಲೋ ಇಟ್ಟಾಗ ಜೀಪಿನ ಹಿಂಭಾಗ 2 ಸೆಂಟಿಮೀಟರ್ ತಗ್ಗಿತು. ಎಂಟಕ್ಕೆ 4. ಹನ್ನೆರಡಕ್ಕೆ 6. ಟೇಪು ಹಿಡಿದಿದ್ದ ಮೊಮ್ಮಗ ‘ಹದಿನಾರಕ್ಕೆ 8 ಬರುತ್ತೆ’ ಎಂದು ಮೊದಲೇ ಬರೆದಿಟ್ಟ. ಬಂದದ್ದು 7. ಹೆಲ್ಪರ್ ಪ್ಲೇಟು ತಾಗಿ ಕೆಲಸಕ್ಕೆ ಇಳಿದಿತ್ತು. ಭಾರ ಎಷ್ಟೋ ತಗ್ಗುವುದೂ ಅಷ್ಟೇ ಎಂಬ ನಿಯಮವನ್ನು ರಾಬರ್ಟ್ ಹುಕ್ ಕಂಡುಕೊಂಡು, ಬೇರೆಯವರು ಕದಿಯಬಾರದೆಂದು 1676ರಲ್ಲಿ ಅಕ್ಷರಗಳನ್ನು ಕಲಸುಮೇಲೋಗರ ಮಾಡಿ ಪ್ರಕಟಿಸಿದ್ದ. ಬಿಡಿಸಿ ಹೇಳಿದ್ದು 1678ರಲ್ಲಿ. ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿ ಅದೇ ನಿಯಮ ಅಕ್ಕಿ ಚೀಲದ ಲೆಕ್ಕದಲ್ಲಿ ಕೂತಿದೆ.

ಚೀಲ ಇಳಿಸುವಾಗ ಮೇಸ್ತ್ರಿ ಹುಡುಗನಿಗೆ ಒಂದೇ ಮಾತು ಹೇಳಿದರು: ‘ಆರ್‌ಸಿ ಬುಕ್ಕಿನಾಗೆ ಎಷ್ಟು ಸೀಟು ಬರೆದೈತೋ ಅಷ್ಟೇ ಕೂರಿಸು. ಇಬ್ರು ಜಾಸ್ತಿ ಹತ್ತಿದ್ರೆ ಮತ್ತೆ ನನ್ನ ಹತ್ರಾನೇ ಬರ್ತೀಯ.’ ಹುಡುಗ ನನ್ನ ಕಡೆ ನೋಡಿದ. ಟ್ರಿಪ್ಪಿಗೆ ಇಬ್ಬರು ಕಡಿಮೆಯಾದರೆ ತಿಂಗಳಿಗೆ ಎಷ್ಟು ಎಂದು ನಾನು ಆಗಲೇ ಹಾಕಿಟ್ಟಿದ್ದೆ. ಸುರುಳಿಗೆಂದು ಮಾಡಬೇಕಿದ್ದ ಸಾಲದ ಕಂತಿಗಿಂತ ಅದು ಕಡಿಮೆಯಿತ್ತು. ಕಾಗದವನ್ನು ಅವನ ಜೇಬಿಗೆ ಹಾಕಿದೆ.

ಬೆಟ್ಟಕ್ಕೆ ಜೀಪಿನಲ್ಲಿ ಹೋಗುವ ಅಜ್ಜ-ಅಜ್ಜಿಯರಿಗೆ ಒಂದು ಕಿವಿಮಾತು. ಬೆಂಚಿನಲ್ಲಿ ಚಾಲಕನ ಹತ್ತಿರದ ತುದಿ ಹಿಡಿಯಿರಿ. ಬಸ್ಸಿನ ಕೊನೆಯ ಸೀಟು ಯಾಕೆ ಎತ್ತಿ ಹಾಕುತ್ತದೆ ಗೊತ್ತಲ್ಲ? ಅದು ಹಿಂದಿನ ಆಕ್ಸಲ್‌ಗೂ ಆಚೆ ಇರುತ್ತದೆ. ಎರಡು ಆಕ್ಸಲ್‌ಗಳ ನಡುವೆ ಕೂತವರಿಗೆ ಕುಲುಕಾಟ ಕಡಿಮೆ. ಮಣ್ಣುದಾರಿ ಶುರುವಾಗುವಲ್ಲಿ ಚಾಲಕ ಇಳಿದು ಟಯರಿನ ಗಾಳಿ ಸ್ವಲ್ಪ ಬಿಡುತ್ತಿದ್ದರೆ ಬೈಯಬೇಡಿ. ಟಯರೂ ಒಂದು ಸ್ಪ್ರಿಂಗೇ, ನೆಲಕ್ಕೆ ಮೊದಲು ತಾಗುವ ಸ್ಪ್ರಿಂಗು. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿದರಾಯಿತು.

ಬಿರುಕು ಬಿಟ್ಟ ಆ ಮೇನ್ ಪ್ಲೇಟನ್ನು ಹುಡುಗ ಶೆಡ್ಡಿನಲ್ಲಿ ಬಿಡಲಿಲ್ಲ. ಹಳೆಯ ಪ್ಲೇಟಿನ ಉಕ್ಕು ಎಂದರೆ ಕಮ್ಮಾರರಿಗೆ ಬಲು ಪ್ರೀತಿ. ಕುಡಗೋಲು, ಮಚ್ಚು ಎಷ್ಟೋ ಹುಟ್ಟಿರುವುದು ಲಾರಿ ಪ್ಲೇಟಿನಿಂದಲೇ. ಬಿರುಕಿನ ಭಾಗ ಕತ್ತರಿಸಿ ತೆಗೆದು ನಮ್ಮೂರ ಕಮ್ಮಾರರು ಎರಡು ಕತ್ತಿ ಮಾಡಿಕೊಟ್ಟರು. ಒಂದು ನಿಟ್ಟೂರಿನ ಅಡಿಕೆ ತೋಟಕ್ಕೆ ಹೋಯಿತು. ಇನ್ನೊಂದು ನಮ್ಮ ಮನೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದೆ.